ಅಲುಗಾಡದೆ ಕೂತ ಬೆರಕೆ ನಾಯಿ

ಎರಡು ನಾಯಿಗಳೂ ಒಂದೇ ಬೇಲಿಯಲ್ಲಿ ಉರುಳಿಗೆ ಸಿಕ್ಕಿಬಿದ್ದಿದ್ದವು. ಕಾಡುಹಂದಿಗೆಂದು ಯಾರೋ ಕದ್ದು ಕಟ್ಟಿದ್ದ ತಂತಿ. ಗೋಣಿಬೀಡಿನ ಹತ್ತಿರದ ಕಾಫಿ ಎಸ್ಟೇಟಿನಲ್ಲಿ ಆಳುಗಳ ಲೆಕ್ಕ ಬರೆಯುವ ರೈಟರ್ ನಾನು. ಬೆಳಿಗ್ಗೆ ಹಾಜರಿ ತೆಗೆದುಕೊಳ್ಳುವಾಗ ಕೂಗು ಕೇಳಿ ಓಡಿದೆ. ಸಾಹುಕಾರರ ಜರ್ಮನ್ ಶೆಫರ್ಡ್ ಎಳೆದಾಡಿ ಎಳೆದಾಡಿ, ಸೊಂಟಕ್ಕೆ ಬಿದ್ದ ತಂತಿ ಮಾಂಸದೊಳಗೇ ಇಳಿದಿತ್ತು. ಹತ್ತು ಮಾರು ಆಚೆ, ಕೂಲಿಯವರ ಲೈನ್ ಮನೆಯ ಶೇಷಮ್ಮನ ಬೆರಕೆ ನಾಯಿ ಕರಿಯ, ಕೊರಳಲ್ಲಿ ತಂತಿಯಿದ್ದರೂ ಅಲುಗಾಡದೆ ಕೂತಿತ್ತು.

ತಂತಿ ಕತ್ತರಿಸಿ ಎರಡನ್ನೂ ಬಿಡಿಸಿದೆವು. ಶೆಫರ್ಡನ್ನು ಜೀಪಿನಲ್ಲಿ ಮೂಡಿಗೆರೆಗೆ ಒಯ್ದು ಹೊಲಿಗೆ ಹಾಕಿಸಿದರು, ಬದುಕಿತು. ಕರಿಯ ಮೈ ಕೊಡವಿಕೊಂಡು ಶೇಷಮ್ಮನ ಹಿಂದೆ ಹೋಗಿ ನಿಂತಿತು.

"ತರಬೇತಿ ಕೊಡಿಸಿದ ಜಾತಿ ನಾಯಿಗಿಲ್ಲದ ಬುದ್ಧಿ ನಿಮ್ಮ ಕರಿಯನಿಗೆ ಎಲ್ಲಿಂದ ಬಂತು ಶೇಷಮ್ಮ?" ಅಂದೆ.

"ಬುದ್ಧಿ ಎಂತದು ರೈಟ್ರೇ, ಇದು ಸಿಕ್ಕಿಬೀಳ್ತಿರೋದು ಮೂರನೇ ಸಲ. ಎಳೆದರೆ ಬಿಗಿಯುತ್ತೆ ಅಂತ ಗೊತ್ತಾಗಿದೆ, ಅಷ್ಟೆ." ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಹೆಮ್ಮೆಯೂ ಇರಲಿಲ್ಲ. ಹಣ್ಣು ಕೊಯ್ಯುವ ಚೀಲ ಸೊಂಟಕ್ಕೆ ಕಟ್ಟಿಕೊಂಡು ಕೆಲಸಕ್ಕೆ ಹೊರಟರು.

ಅದೇ ಮಧ್ಯಾಹ್ನ ಸಾಹುಕಾರರು ಹೇಳಿದಂತೆ ಆಳುಗಳನ್ನು ಕಳಿಸಿ ಬೇಲಿ ಪೂರ್ತಿ ಹುಡುಕಿಸಿದೆ. ಅರ್ಧ ಗೋಣಿಚೀಲ ಉರುಳು ಸಿಕ್ಕಿತು. ಆಗ ನೆನಪಾಯಿತು, ಕರಿಯ ಸಿಕ್ಕಿಬಿದ್ದ ಹಿಂದಿನ ಎರಡು ಸಲವೂ ಶೇಷಮ್ಮ ನನ್ನ ಹತ್ತಿರವೇ ಬಂದು ಹೇಳಿದ್ದರು. "ನೋಡೋಣ" ಅಂದು ಸುಮ್ಮನಾಗಿದ್ದೆ. ಈಗಲೂ ಕರಿಯ ನನ್ನನ್ನು ಕಂಡರೆ ಬಾಲ ಆಡಿಸುತ್ತದೆ. ಅದರ ಕೊರಳಿನ ಕಡೆ ನೋಡಲು ನನಗೇ ಆಗುವುದಿಲ್ಲ.