ಕಂಪ್ಯೂಟರ್ ಸತ್ತಿದೆ ಎಂದ ಭಾವ

ನೋಡಿ ಗೆಳೆಯರೇ, ಇವತ್ತು ಬೆಳಿಗ್ಗೆ ಅತ್ತೆಯನ್ನು ಆಸ್ಪತ್ರೆಗೆ ಕರೆದೊಯ್ಯಲು ಹೊರಟರೆ ಕಾರು ಸ್ಟಾರ್ಟ್ ಆಗಲಿಲ್ಲ. ಕುಂಬಾರಕೊಪ್ಪಲಿನಿಂದ ನನ್ನ ಗಂಡನ ಅಣ್ಣ ಕಾರಿನ ದೋಷ ಪತ್ತೆಹಚ್ಚುವ ಹೊಸ ಸ್ಕ್ಯಾನರ್ ಹಿಡಿದು ಹೃದಯತಜ್ಞರ ಗತ್ತಿನಲ್ಲಿ ಬಂದರು. ಅದನ್ನು ಸ್ಟೇರಿಂಗ್ ಕೆಳಗೆ ಸಿಕ್ಕಿಸಿ, “ಮಾಡ್ಯೂಲ್‌ಗಳು ಒಂದಕ್ಕೊಂದು ಮಾತಾಡ್ತಿಲ್ಲ ಕಣಮ್ಮ, ಕಾರಿನ ಕಂಪ್ಯೂಟರೇ ಸತ್ತೋಗಿದೆ” ಎಂದು ತೀರ್ಪು ಕೊಟ್ಟರು.

ಬಾನೆಟ್ ಎತ್ತಿ ನೋಡಿದೆ. ಬ್ಯಾಟರಿಯ ವೈರು ಸಡಿಲವಾಗಿ ಅಲ್ಲಾಡುತ್ತಿತ್ತು. “ಭಾವ, ಮೊದ್ಲು ಇದನ್ನ ಬಿಗಿ ಮಾಡಿ ನೋಡೋಣ್ವಾ?” ಎಂದೆ.

“ನಿಂಗಿದೆಲ್ಲ ಗೊತ್ತಾಗಲ್ಲ, ಸುಮ್ನಿದ್ಬುಡು” ಎಂದು ಗದರಿದರು.

ಅವರು ಫೋನಿನಲ್ಲಿ ವಿಡಿಯೊ ಹುಡುಕುತ್ತಿದ್ದಾಗ ನಾನೇ ಸ್ಪ್ಯಾನರ್ ತಂದು ಬಿಗಿ ಮಾಡಿದೆ. ಕಾರು ತಕ್ಷಣ ಸ್ಟಾರ್ಟ್ ಆಯಿತು.

ಆಸ್ಪತ್ರೆಯಲ್ಲಿ ಕೂತು ಮನೆಯವರ ಗ್ರೂಪ್ ತೆರೆದರೆ ಭಾವನ ಸಂದೇಶ: “ತಮ್ಮನ ಕಾರನ್ನ ಮನೇಲೇ ರಿಪೇರಿ ಮಾಡ್ಬುಟ್ಟೆ!” ಅದಕ್ಕೆ ಮೊದಲ ಚಪ್ಪಾಳೆ ಒತ್ತಿದವರು ನನ್ನ ಗಂಡ. ನಾನು ಬಿಗಿ ಮಾಡುವಾಗ ಬಾನೆಟ್ ಹಿಡಿದು ನಿಂತಿದ್ದವರೂ ಅವರೇ.