ಮೃಗಾಲಯಕ್ಕೆ ಹೋದ ಕೊಟ್ಟಿಗೆ ಸೀರೆ

ಅವ್ವನನ್ನು ನೀರ್ಗುದುರೆಯ ಹತ್ತಿರದವರೆಗೂ ಕರೆದುಕೊಂಡು ಹೋಗಿ, ತೋರಿಸದೆ ವಾಪಸು ಕರೆತಂದವಳು ನಾನು. ನೆನೆದರೆ ಈಗಲೂ ನನ್ನ ಮೇಲೇ ನನಗೆ ಸಿಟ್ಟು ಬರುತ್ತದೆ.

ನಮ್ಮೂರು ಬೂಕನಕೆರೆಯ ಪಕ್ಕದಲ್ಲಿದೆ. ನಾನು ಐದನೇ ಕ್ಲಾಸಿನಲ್ಲಿದ್ದಾಗ ಸ್ಕೂಲಿನವರು ಎಲ್ಲರನ್ನೂ ಮೈಸೂರಿನ ಮೃಗಾಲಯಕ್ಕೆ ಕರೆದುಕೊಂಡು ಹೋದರು. ನಾನು ಮಾತ್ರ ಮೈಮೇಲೆ ಅಮ್ಮನ ಗುಳ್ಳೆ ಎದ್ದು ಬೇವಿನ ಸೊಪ್ಪಿನ ಮೇಲೆ ಮಲಗಿದ್ದೆ. ಹೋಗಿ ಬಂದ ಹುಡುಗಿಯರಿಗೆ ವಾರವೆಲ್ಲ ನೀರ್ಗುದುರೆಯದೇ ಮಾತು. ಅದು ಬಾಯಿ ತೆಗೆದರೆ ಒಂದು ಮಂಕರಿ ಸೊಪ್ಪು ಒಂದೇ ಸಲಕ್ಕೆ ಒಳಗೆ ಹೋಗುತ್ತದಂತೆ. ನಾನು ಅತ್ತೆ. ಅವ್ವ ಸಮಾಧಾನ ಮಾಡುವ ಬದಲು ಆ ಮಾತನ್ನೇ ಮತ್ತೆ ಮತ್ತೆ ಕೇಳಿಸಿಕೊಂಡು, "ನಾವಿಬ್ರೇ ಓಗ್ ಬರಮ ಬುಡು ಮಗ" ಅಂದಳು. ನೋಡುವ ಆಸೆ ನನಗಿಂತ ಅವಳಿಗೇ ಹೆಚ್ಚು ಎಂದು ಆಗ ತಿಳಿಯಿತು. ಮದುವೆಯಾದಾಗಿನಿಂದ ಸಂಜೆ ಹಾಲು ಕರೆಯುವ ಹೊತ್ತು ಮೀರಿ ಅವಳು ಎಲ್ಲೂ ಉಳಿದವಳಲ್ಲ.

ಅದರಲ್ಲೂ ಆ ವರ್ಷ ನಮ್ಮ ಸೀಮೆಹಸುವಿನ ಕರು ಹದಿನೈದೇ ದಿನಕ್ಕೆ ಸತ್ತುಹೋಗಿತ್ತು. ಆಮೇಲೆ ಆ ಹಸು ಅವ್ವನನ್ನು ಬಿಟ್ಟು ಇನ್ಯಾರು ಕೂತರೂ ಹಾಲು ಇಳಿಸುತ್ತಿರಲಿಲ್ಲ. ಬಲವಂತ ಮಾಡಿದರೆ ಒದೆಯುತ್ತಿತ್ತು. ಒಂದು ಹೊತ್ತು ಕರೆಯದೆ ಬಿಟ್ಟರೆ ಕೆಚ್ಚಲು ಬಾತು, ಹಾಲೂ ಕೆಟ್ಟು, ಹಸುವೂ ಕೆಡುತ್ತದೆ. ಇದಕ್ಕೆ ನಮ್ಮ ಕಡೆ ಒಂದು ಉಪಾಯವಿದೆ. ದಿನಾ ಕರೆಯುವವರ ಸೀರೆ ಸುತ್ತಿಕೊಂಡು ಕೂತರೆ ಹಸು ವಾಸನೆ ನಂಬಿ ಸುಮ್ಮನಾಗುತ್ತದೆ. ಕರೆಯುವಾಗ ಅವ್ವ ಉಡುತ್ತಿದ್ದ ನೀಲಿ ಸೀರೆ ಕೊಟ್ಟಿಗೆಯ ಗೂಟದ ಮೇಲೇ ಇರುತ್ತಿತ್ತು. ಅದನ್ನು ಒಗೆಯುವಂತಿರಲಿಲ್ಲ.

ಹೊರಡುವ ಮುಂಚಿನ ಎರಡು ಸಂಜೆ ಅಭ್ಯಾಸಕ್ಕೆಂದು ಅಪ್ಪ ಕೊಟ್ಟಿಗೆಯ ಬಾಗಿಲು ಹಾಕಿಕೊಂಡು ಆ ಸೀರೆ ಉಟ್ಟ. ತಲೆಯ ಮೇಲೆ ಸೆರಗು, ಸೆರಗಿನಡಿ ಮೀಸೆ. ಅವ್ವ ಬಾಯಿಗೆ ಬಟ್ಟೆ ತುರುಕಿಕೊಂಡು ನಕ್ಕಳು. ಹಸು ಮೂಸಿ ನೋಡಿ ಹಾಲು ಇಳಿಸಿತು. ಅಪ್ಪ ಬಕೆಟ್ಟು ಹಿಡಿದು ಹೊರಗೆ ಬಂದವನೇ ನನಗೆ ಬೆರಳು ತೋರಿಸಿ, "ಯಾರ್ಗಾರಾ ಏಳುದ್ರೆ ನೋಡು ಮತ್ತೆ" ಎಂದು ಗದರಿದ. ನಾನು ಯಾರಿಗೂ ಹೇಳಲಿಲ್ಲ. ಹೇಳುತ್ತಿರುವುದು ಇದೇ ಮೊದಲು.

ಹೊರಡುವ ಬೆಳಗ್ಗೆ ಅವ್ವ ಬುತ್ತಿ ಕಟ್ಟುತ್ತಾ, "ಕೂತ್ಕೊಳಕೆ ಒಂದ್ ಅಳೇ ಸೀರೆ ಚೀಲುಕ್ ಆಕು" ಅಂದಳು. ಹಳೆಯ ಸೀರೆಗಳು ಅಟ್ಟದ ಮೇಲಿದ್ದವು. ನನಗೆ ಏಣಿ ಹತ್ತುವಷ್ಟು ತಾಳ್ಮೆ ಎಲ್ಲಿಯದು? ಕೊಟ್ಟಿಗೆಯ ಕತ್ತಲಲ್ಲಿ ಕೈಗೆ ಸಿಕ್ಕಿದ್ದನ್ನು ಎಳೆದು ಚೀಲಕ್ಕೆ ತುರುಕಿದೆ.

ಮೃಗಾಲಯದಲ್ಲಿ ಅವ್ವ ಚಿಕ್ಕ ಹುಡುಗಿಯಾಗಿಬಿಟ್ಟಳು. ಜಿರಾಫೆಯ ಕತ್ತು ನೋಡಿ, "ಇದುಕ್ಕೆ ಅಗ್ಗ ಎಲ್ ಕಟ್ಟಾರು?" ಎಂದಳು. ಹುಲಿ ಮಲಗಿದ್ದಕ್ಕೆ ಬೈದಳು. ನೀರ್ಗುದುರೆಯ ಕಡೆಗೆ ಬಾಣ ತೋರಿಸುವ ಬೋರ್ಡು ಕಂಡಾಗ, "ಉಂಡ್ಕೊಂಡ್ ನಿದಾನ್ಕೆ ನೋಡಮ" ಎಂದು ಮರದ ಕೆಳಗೆ ನಿಂತಳು. ನಾನು ಸೀರೆ ತೆಗೆದು ಹಾಸಿದೆ.

ಅವ್ವ ಕೂರಲಿಲ್ಲ. ಬಗ್ಗಿ ನೀಲಿ ಸೆರಗಿನ ತುದಿ ಹಿಡಿದು ಮೂಗಿನ ಹತ್ತಿರ ತಂದಳು. "ಇದ್ಯಾಕೆ ತಂದೆ?" ಎಂದಳು, ಮೆಲ್ಲಗೆ. ಬೈದಿದ್ದರೆ ಚೆನ್ನಾಗಿತ್ತು. ಆಮೇಲೆ ಕಾವಲುಗಾರನನ್ನು, ನೀರ್ಗುದುರೆ ಎಷ್ಟು ದೂರ ಎಂದು ಕೇಳಿದಳು. ಐದೇ ನಿಮಿಷದ ದಾರಿ ಎಂದ. ಅವ್ವ ಆ ಕಡೆ ಒಂದು ಸಲ ನೋಡಿ, ಸೀರೆ ಮಡಿಸಿ ಚೀಲಕ್ಕೆ ಹಾಕಿ, ಗೇಟಿನ ಕಡೆ ತಿರುಗಿದಳು. ಆ ಹೊತ್ತಿನ ಬಸ್ಸು ತಪ್ಪಿದರೆ ಹಾಲು ಕರೆಯುವ ಹೊತ್ತಿಗೆ ಊರು ಮುಟ್ಟುವಂತಿರಲಿಲ್ಲ. ಬುತ್ತಿ ಬಿಚ್ಚಲೇ ಇಲ್ಲ.

ಊರಿನ ಅಂಗಡಿಗೆ ಫೋನ್ ಮಾಡೋಣ ಎಂದೆ. "ಪೋನ್ನಲ್ಲಿ ಸೀರೆ ಕಳ್ಸಕಾಯ್ತದಾ?" ಎಂದಳು.

ಕೆ.ಆರ್. ಪೇಟೆಯ ಬಸ್ಸು ಒಂದು ಗಂಟೆ ತಡವಾಗಿ ಬಂತು. ಶ್ರೀರಂಗಪಟ್ಟಣದವರೆಗೂ ನಿಂತೇ ಹೋದೆವು. ಪಾಂಡವಪುರ ದಾಟಿ, ಚಿನಕುರಳಿಗೆ ಇನ್ನೂ ಮೂರು ಮೈಲಿ ಇದೆ ಎನ್ನುವಾಗ ಬಸ್ಸು ನಿಂತಿತು. ಕಬ್ಬು ಅರೆಯುವ ಕಾಲ. ಫ್ಯಾಕ್ಟರಿಗೆ ಹೊರಟಿದ್ದ ಟ್ರಾಕ್ಟರಿನ ಟ್ರೇಲರು ರಸ್ತೆಗಡ್ಡ ಮಗುಚಿತ್ತು. ಮೊಣಕಾಲೆತ್ತರ ಕಬ್ಬು. ಬಸ್ಸಿನವರೆಲ್ಲ ಇಳಿದು ಒಂದೊಂದು ಜಲ್ಲೆ ಮುರಿದುಕೊಂಡು ಅಗಿಯುತ್ತಾ ಕೂತರು. ಡ್ರೈವರು, "ಎರಡು ಗಂಟೆ ಆಯ್ತದೆ ಕಣವ್ವ" ಎಂದ. ಹೊತ್ತು ಆಗಲೇ ಇಳಿಯುತ್ತಿತ್ತು.

ಅವ್ವ ಹೊಸ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದು, ಕಬ್ಬಿನ ರಾಶಿಯ ಮೇಲೆ ಹತ್ತಿದಳು. ರಾಶಿ ಎತ್ತುತ್ತಿದ್ದ ಒಬ್ಬ, "ಅಮ್ಮಯ್ಯ, ಜಾರ್ತದೆ, ಎಲ್ಗೋಯ್ತಿದ್ದೀಯೆ?" ಎಂದು ಕೂಗಿದ.

"ಅಸ ಕರ್ದಿಲ್ಲ ಕಣಪ್ಪ, ಕರು ಸತ್ತಿರೋ ಅಸ" ಎಂದಳು.

ಅಷ್ಟೇ ಸಾಕಾಯಿತು. ಅವನು ಕೈಲಿದ್ದ ಹೊರೆ ಬಿಸಾಕಿ ಬಂದು ನನ್ನನ್ನು ಎತ್ತಿ ಆಚೆ ದಾಟಿಸಿದ. ಆಚೆ ಬೂಸಾ ಮೂಟೆ ಹೇರಿದ್ದ ಲಗೇಜ್ ಆಟೊ ಒಂದು ಬಂದ ದಾರಿಗೇ ತಿರುಗಿಸಿಕೊಳ್ಳುತ್ತಿತ್ತು. ಅವನೇ ಓಡಿಹೋಗಿ, "ಲೇ, ಇವ್ರುನ್ನ ಊರ್ ತಕ ಬುಡ್ಲಾ, ಅಸ ಕರಿಬೇಕಂತೆ" ಎಂದ. ಆಟೊದವನು ಮರುಮಾತಾಡದೆ ಎರಡು ಮೂಟೆ ಸರಿಸಿದ. ನಮ್ಮ ಸೀಮೆಯ ಜನರ ಮೇಲೆ ನನಗೆ ಬೇಕಾದಷ್ಟು ಸಿಟ್ಟಿದೆ, ಆದರೆ ಆ ಒಂದು ಸಂಜೆಗಾಗಿ ಎಲ್ಲವನ್ನೂ ಮಾಫಿ ಮಾಡಿದ್ದೇನೆ. ಮೂಟೆಗಳ ಮೇಲೆ ಕೂತು ಅವ್ವ ದಾರಿಯುದ್ದಕ್ಕೂ ನನ್ನ ಕೈ ಹಿಡಿದಿದ್ದಳು.

ಮನೆ ಮುಟ್ಟಿದಾಗ ದೀಪ ಹಚ್ಚಿದ್ದರು. ಕೊಟ್ಟಿಗೆಯಲ್ಲಿ ಅಪ್ಪ ಹಸುವಿನ ಪಕ್ಕ ಕೂತು ಬಿಸಿನೀರಿನ ಬಟ್ಟೆಯಿಂದ ಕೆಚ್ಚಲು ಒತ್ತುತ್ತಿದ್ದ. ಮನೆಯಲ್ಲಿದ್ದ ಅವ್ವನ ಸೀರೆಗಳೆಲ್ಲ ಹುಲ್ಲಿನ ಮೇಲೆ ಗುಡ್ಡೆ ಬಿದ್ದಿದ್ದವು. ಅಪ್ಪನ ಮೈಮೇಲೆ ಅವಳ ಧಾರೆ ಸೀರೆ. ಮೊಣಕಾಲ ಕೆಳಗೆ ಹಸು ಒದ್ದು ರಕ್ತ ಬಂದಿತ್ತು.

"ಒಗ್ದಿರೋ ಸೀರೆ ಯಾವ್ದುನ್ನೂ ಒಪ್ತಾ ಇಲ್ಲ ಕಣೆ" ಎಂದ.

ಅವ್ವ ನಗಲಿಲ್ಲ. ಕೈಕಾಲು ತೊಳೆದು, ಹೊಸ ಸೀರೆಯ ಮೇಲೇ ನೀಲಿ ಸೀರೆ ಸುತ್ತಿಕೊಂಡು ಕೂತಳು. ಹಸು ಕತ್ತು ತಿರುಗಿಸಿ ಮೂಸಿತು. ಸ್ವಲ್ಪ ಹೊತ್ತಿಗೆ ಬಕೆಟ್ಟಿನ ತಳಕ್ಕೆ ಹಾಲು ಬಿದ್ದ ಸದ್ದಾಯಿತು. ಅಲ್ಲಿಯವರೆಗೂ ತಡೆದುಕೊಂಡಿದ್ದ ನಾನು ಗೊಳೋ ಎಂದು ಅತ್ತೆ. ಅವ್ವ ಹಸುವಿನ ಹೊಟ್ಟೆಗೆ ಹಣೆ ಒತ್ತಿಕೊಂಡೇ, "ಅಳ್ಬ್ಯಾಡ ಕಣ್ಮಗ. ಅಳೇ ಸೀರೆ ಆಕು ಅಂದೋಳ್ ನಾನೆ. ನೀರ್ಗುದ್ರೆ ಎಲ್ಲೂ ಓಗಕಿಲ್ಲ, ಅಲ್ಲೇ ಇರ್ತದೆ ಬುಡು" ಎಂದಳು. ಡೈರಿ ಮುಚ್ಚಿತ್ತು. ಆ ರಾತ್ರಿ ಮೂವರೂ ಚೊಂಬು ಚೊಂಬು ಹಾಲು ಕುಡಿದೆವು.

ಆಮೇಲೆ ನಾನು ಓದಿ, ಮದುವೆಯಾಗಿ ನಾಗಮಂಗಲಕ್ಕೆ ಬಂದೆ. ಪ್ರತಿ ವರ್ಷ ಅವ್ವನನ್ನು ಮೃಗಾಲಯಕ್ಕೆ ಕರೆದೆ. ಪ್ರತಿ ವರ್ಷವೂ ಯಾವುದೋ ಒಂದು ಹಸು ಅಡ್ಡ ಬಂತು. ಹೋದ ವರ್ಷ ಅವ್ವನ ಮಂಡಿ ಸೋತು, ಕೂತು ಕರೆಯಲಾಗದೆ ಕೊನೆಯ ಹಸುವನ್ನೂ ಮಾರಿದರು. ಈ ಸಂಕ್ರಾಂತಿ ಕಳೆದ ಮೇಲೆ ಕಾರಿನಲ್ಲಿ ಕರೆದುಕೊಂಡು ಹೋದೆ. ಬೇರೆ ಯಾವುದಕ್ಕೂ ನಿಲ್ಲದೆ ನೇರ ನೀರ್ಗುದುರೆಯ ಮುಂದೆ ಅವಳನ್ನು ನಿಲ್ಲಿಸಿದೆ. ಅದು ಬಾಯಿ ತೆಗೆಯಿತು. ಅವ್ವ ಬಹಳ ಹೊತ್ತು ನೋಡಿ, "ಇದ್ರು ಕೆಚ್ಲು ಎಲ್ಲದೆ?" ಎಂದಳು. ಪಕ್ಕದಲ್ಲಿದ್ದವರೆಲ್ಲ ನಕ್ಕರು.

ನಾಲ್ಕು ಗಂಟೆಯ ಬಿಸಿಲು ಓರೆಯಾಗುತ್ತಿದ್ದಂತೆ ಅವ್ವ ತಟ್ಟನೆ, "ಒತ್ತಾಯ್ತು ನಡಿ ಮಗ, ಕರೆಯೊ ಒತ್ತು" ಎಂದು ಗೇಟಿನ ಕಡೆ ಹೊರಟಳು. ಚೀಲ ಎತ್ತಿಕೊಂಡು ಹಿಂದೆ ನಡೆದೆ. ಹತ್ತು ಹೆಜ್ಜೆ ಇಟ್ಟವಳು ನಿಂತಳು. ತನ್ನ ಕೈಗಳನ್ನು ನೋಡಿಕೊಂಡಳು.

"ಕರೆಯಕ್ ಏನದೆ ಈಗ" ಎಂದು ತಿರುಗಿ ಬಂದು ಕಂಬಿ ಹಿಡಿದುಕೊಂಡಳು. ಯಾವ ಅವಸರವೂ ಇಲ್ಲದೆ ಅವ್ವ ಅಲ್ಲಿ ನಿಂತಿರುವುದನ್ನು ನೋಡಬೇಕೆಂದು ಅಷ್ಟು ವರ್ಷ ಕಾದಿದ್ದವಳು ನಾನು. ನೋಡಿದಾಗ, ಈಗಲೂ ಯಾವುದಾದರೂ ಒಂದು ಹಸು ಅಡ್ಡ ಬರಬಾರದೇ ಅನ್ನಿಸಿತು. ಕಾವಲುಗಾರ ಸೀಟಿ ಊದುವವರೆಗೂ ನಾವಿಬ್ಬರೂ ಅಲ್ಲೇ ಇದ್ದೆವು.