ಬಕೆಟ್ ಹತ್ತಿ ನೋಡುವ ಸಮುದ್ರ

ಮುಂಬೈಯ ಮಲಾಡಿನ ಈ ಫ್ಲ್ಯಾಟನ್ನು ಏಜೆಂಟ್ 'ಸೀ ವ್ಯೂ' ಎಂದು ಹೊಗಳಿ ನಮ್ಮ ತಲೆಗೆ ಕಟ್ಟಿದ. ಸಮುದ್ರ ಕಾಣುತ್ತಿದ್ದುದು ಬಚ್ಚಲಿನ ಕಿಟಕಿಯಿಂದ ಮಾತ್ರ, ಅದೂ ಬಕೆಟ್ ಬೋರಲು ಹಾಕಿ ಅದರ ಮೇಲೆ ನಿಂತರೆ. ಹೊಲಿಗೆಯ ನೂಲಿನಷ್ಟು ದಪ್ಪದ ಒಂದು ಬೂದು ಗೆರೆ. ಬಂದ ನೆಂಟರನ್ನೆಲ್ಲ ನನ್ನ ಹೆಂಡತಿ ಕಾಫಿಗೂ ಮೊದಲು ಆ ಬಕೆಟ್ ಹತ್ತಿಸುತ್ತಿದ್ದಳು. ಮಲ್ಪೆಯಿಂದ ಬಂದ ನನ್ನ ಅತ್ತೆ ಹತ್ತಿ, ನೋಡಿ, ಮುಖ ಸಿಂಡರಿಸಿಕೊಂಡು ಇಳಿದರು.

"ಇದನ್ನು ನೋಡ್ಲಿಕ್ಕೆ ಇಷ್ಟು ಸರ್ಕಸ್ಸಾ? ನಮ್ಮಲ್ಲಿ ಬಟ್ಟೆ ಒಣಗಿಸ್ಲಿಕ್ಕೆ ಹೋದ್ರೆ ಕಾಣ್ತದೆ!"

ಕಳೆದ ವರ್ಷ ಎದುರಿಗೆ ಇನ್ನೊಂದು ಟವರ್ ಎದ್ದು ಆ ಗೆರೆಯನ್ನೂ ನುಂಗಿತು. ಅದರ ಬೋರ್ಡಿನ ಮೇಲೂ 'ಸೀ ವ್ಯೂ' ಎಂದೇ ಬರೆದಿದ್ದಾರೆ. ಈ ಊರಿಗೆ ನಾಚಿಕೆ ಎಂಬುದಿದ್ದರೆ ತಾನೆ!

ಮೊನ್ನೆ ಕುರ್ಲಾದ ಇಕ್ಕಟ್ಟು ವಠಾರದಂಥ ಚಾಳಿನಿಂದ ನನ್ನ ಹಳೆಯ ಗೆಳೆಯ ಬಂದಿದ್ದ. ಹೆಂಡತಿ ಅಭ್ಯಾಸ ಬಿಡದೆ ಅವನನ್ನೂ ಬಕೆಟ್ ಹತ್ತಿಸಿ, "ಆ ಬಿಲ್ಡಿಂಗಿನ ಹಿಂದೆ ಸಮುದ್ರ ಉಂಟು" ಎಂದಳು. ಅವನು ಸಿಮೆಂಟಿನ ಗೋಡೆಯನ್ನೇ ತುಂಬ ಹೊತ್ತು ನೋಡಿ ನಿಟ್ಟುಸಿರುಬಿಟ್ಟ.

"ನೀವು ಲಕ್ಕಿ ಮಾರಾಯ್ರೆ. ನಮ್ಮ ಕಿಟಕಿ ಎದುರು ಗೋಡೆ, ಅದರ ಹಿಂದೆಯೂ ಗೋಡೆಯೇ."